ನಮ್ಮ ಭಾವ ಪ್ರೆಸಿಡೆಂಟ್-ಎಲೆಕ್ಟ್ ಆದದ್ದು

ನಮ್ಮ ಭಾವನವರಿಗೆ ಈ ಲೋಕದಲ್ಲಿ ಬಾರದ ಕೆಲಸ ಒಂದೇ, ಎರಡರಲ್ಲಿ ಒಂದನ್ನು ಆರಿಸುವುದು. ತಮಾಷೆ ನೋಡಿ, ಅವರ ಹೊಟ್ಟೆಪಾಡು ನಡೆಯುವುದೇ ಆರಿಸುವುದರಿಂದ. ಕನ್ನಡಕದ ಅಂಗಡಿಯಲ್ಲಿ ಅವರು ಕಣ್ಣು ಪರೀಕ್ಷೆ ಮಾಡುತ್ತಾರೆ. ಗಿರಾಕಿಯ ಮೂಗಿನ ಮೇಲೆ ದಪ್ಪನೆಯ ಚೌಕಟ್ಟು ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದು ಗಾಜು ಹಾಕಿ, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎಂದು ಬೆಳಗಿನಿಂದ ಸಂಜೆಯವರೆಗೆ ಕೇಳುತ್ತಾರೆ. ಜನ ಅವರ ಮುಂದೆ ಕೂತು ಪಟಪಟನೆ ತೀರ್ಮಾನ ಹೇಳಿ ಎದ್ದು ಹೋಗುತ್ತಾರೆ. ಭಾವ ಮಾತ್ರ ಮನೆಗೆ ಬಂದು, ಸ್ನಾನಕ್ಕೆ ಮೊದಲು ಕಾಫಿಯೋ, ಕಾಫಿಗೆ ಮೊದಲು ಸ್ನಾನವೋ ಎಂದು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ನಡುಮನೆಯಲ್ಲಿ ನಿಂತುಬಿಡುತ್ತಾರೆ. ನಮ್ಮಕ್ಕ ಬಂದು ಲೋಟ ಕೈಗೆ ಕೊಟ್ಟ ಮೇಲೆಯೇ ಆ ಮನೆಯ ಸಂಜೆ ಮುಂದಕ್ಕೆ ಹೋಗುವುದು.

ಅಕ್ಕನನ್ನು ಮೊದಲ ಸಲ ನೋಡಿದ ದಿನವೂ ಹೀಗೇ ಆಗಿತ್ತು. "ಹುಡುಗಿ ಒಪ್ಪಿಗೆಯಾ?" ಎಂದು ನಮ್ಮಪ್ಪ ಕೇಳಿದರೆ ಇವರು "ನೋಡೋಣ" ಎಂದರು. ಅಕ್ಕ ಒಳಗಿನಿಂದ "ನಾನು ನೋಡಿ ಆಯ್ತು" ಎಂದಳು. ಆ ಮದುವೆ ಆದದ್ದು ಹಾಗೆ.

ಇವರಿಗೆ ಒಬ್ಬಳೇ ಮಗಳು, ಪುಟ್ಟಿ. ತಾನು ಕೆಲಸ ಮಾಡುವ ಬ್ಯಾಂಕಿನಲ್ಲಿ ಪಕ್ಕದ ಕೌಂಟರಿನ ಹುಡುಗನನ್ನು ತಾನೇ ಮೆಚ್ಚಿಕೊಂಡಳು. ಆರಿಸುವ ವಿದ್ಯೆ ಅವಳಿಗೆ ತಾಯಿಯ ಕಡೆಯಿಂದ ಬಂದಿರಬೇಕು. ಹುಡುಗ ಚಿನ್ನದಂಥವನು. ತೊಡಕು ಇದ್ದದ್ದು ಹುಡುಗನ ಅಪ್ಪನಲ್ಲಿ. ಅವರು ರೈಲಿನ ಗಾರ್ಡ್ ಆಗಿದ್ದು ನಿವೃತ್ತರಾದವರು, ಮಾತಾಡಿದರೆ ಸೀಟಿ ಊದಿದ ಹಾಗೆ ಮಾತಾಡುವವರು. ಮೊದಲ ಸಲ ಬಂದು ಕೂತವರೇ ನೇರ ವಿಷಯಕ್ಕೆ ಬಂದರು.

"ಮಕ್ಕಳು ಒಪ್ಪಿದಾರೆ. ಮದುವೆ ಯಾವಾಗ ಇಟ್ಕೊಳ್ಳೋಣ ಹೇಳಿ. ಮುಂದಿನ ತಿಂಗಳಾ, ಅದರ ಮುಂದಿನ ತಿಂಗಳಾ?"

ಭಾವ ಬೆವರು ಒರೆಸಿಕೊಂಡರು. ಬಿಸ್ಕತ್ತಿನ ತಟ್ಟೆಯನ್ನು ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು. ಕೊನೆಗೆ "ಎರಡೂ ಚೆನ್ನಾಗಿವೆ" ಎಂದರು.

ಗಾರ್ಡ್ ಲೋಟ ಕೆಳಗಿಟ್ಟರು. "ನೋಡಿ ಸ್ವಾಮಿ, ನಾನು ಬಾವುಟ ಹಿಡಿದು ಬದುಕಿದವನು. ಹಸಿರು ಅಂದ್ರೆ ಹೊರಡಬೇಕು, ಕೆಂಪು ಅಂದ್ರೆ ನಿಲ್ಲಬೇಕು. ಎರಡೂ ಚೆನ್ನಾಗಿವೆ ಅಂದ್ರೆ ರೈಲಿಗೆ ರೈಲು ಡಿಕ್ಕಿ ಹೊಡೆಯುತ್ತೆ. ಒಂದು ಮಾತು ಹೇಳೋಕೆ ಆಗದ ಮನೆ ಜೊತೆ ನಾಳೆ ನಾನು ಸಂಬಂಧ ಹೇಗೆ ನಿಭಾಯಿಸ್ಲಿ? ಇನ್ನೊಂದು ಸಲ ಬರ್ತೀನಿ. ಅಷ್ಟರಲ್ಲಿ ತೀರ್ಮಾನ ಮಾಡಿಟ್ಟಿರಿ. ಇಲ್ಲ ಅಂದ್ರೆ ಈ ವಿಷಯ ಇಲ್ಲಿಗೇ ಬಿಡೋಣ."

ಅವರು ಹೋದ ಮೇಲೆ ಪುಟ್ಟಿ ಬಚ್ಚಲುಮನೆಗೆ ಹೋಗಿ ನಲ್ಲಿ ಜೋರಾಗಿ ತಿರುಗಿಸಿದಳು. ನೀರಿನ ಸದ್ದಿನಲ್ಲೂ ಅವಳ ಅಳು ನಮಗೆಲ್ಲ ಕೇಳಿಸಿತು. ಭಾವ ಆ ಬಾಗಿಲ ಮುಂದೆ ನಿಂತೇ ಇದ್ದರು, ಬಡಿಯಲೋ ಬೇಡವೋ ಎಂದು. ಅವರಿಗೆ ಮಗಳೆಂದರೆ ಜೀವ. ಆ ಹೊತ್ತು ಅವರ ಮುಖ ನೋಡಲು ನನಗೇ ಸಂಕಟವಾಯಿತು.

ಇಂಥ ಸಮಯದಲ್ಲಿ ನಮ್ಮ ಕಟ್ಟಡದ ನಿವಾಸಿಗಳ ಸಂಘಕ್ಕೆ ಚುನಾವಣೆ ಬಂತು. ನಮ್ಮದು ನಾಲ್ಕು ಮಹಡಿಯ ಹಳೇ ಕಟ್ಟಡ, ಕಂಬಿ ಬಾಗಿಲಿನ ಒಂದು ಲಿಫ್ಟು. ಭಾವನವರದು ಮೇಲಿನ ಮಹಡಿ, ನನ್ನದು ಅದರ ಕೆಳಗಿನದು. ಭಾವನವರ ಎದುರು ಮನೆಯ ಹಲ್ಲಿನ ಡಾಕ್ಟರು ಬಹಳ ವರ್ಷದಿಂದ ಅಧ್ಯಕ್ಷರು. ತಾರಸಿಯಲ್ಲಿ ನೀರಿನ ಟ್ಯಾಂಕಿನ ನೆರಳಿಗೆ ನಮ್ಮನ್ನೆಲ್ಲ ಸೇರಿಸಿ ಅವರು ಘೋಷಣೆ ಮಾಡಿದರು. "ನನಗೆ ಸಾಕಾಗಿದೆ. ಬಾಯಿ ತೆರೆದ ಜನರನ್ನ ಕ್ಲಿನಿಕ್ಕಲ್ಲೂ ನೋಡಬೇಕು, ಇಲ್ಲೂ ನೋಡಬೇಕು. ಇನ್ಯಾರಾದ್ರೂ ಆಗಿ."

ಎಲ್ಲರೂ ಏಕಾಏಕಿ ಆಕಾಶದ ಸೌಂದರ್ಯ ಗಮನಿಸತೊಡಗಿದರು. ಡಾಕ್ಟರ ಕಣ್ಣು ಭಾವನವರ ಮೇಲೆ ಬಿತ್ತು. "ನೀವು ಆಗ್ತೀರಾ?" ಬೇಡ ಎನ್ನಲೋ, ಹೂಂ ಎನ್ನಲೋ ಎಂದು ಭಾವ ಯೋಚಿಸಲು ಶುರುಮಾಡಿದರು. ಅವರು ಯೋಚಿಸಿ ಮುಗಿಸುವುದರೊಳಗೆ ಚಪ್ಪಾಳೆ ಬಿದ್ದು, ಜನ ಇಳಿದು ಹೋಗಿ, ಕುರ್ಚಿಗಳನ್ನು ಮಡಚಿಯೂ ಆಗಿತ್ತು.

ಆದರೆ ಸಂಘದ ನಿಯಮ ಡಾಕ್ಟರೇ ಬರೆದದ್ದು. ಅದರ ಪ್ರಕಾರ ಹೊಸ ಅಧ್ಯಕ್ಷರು ವಾರ್ಷಿಕ ಸಭೆಯಲ್ಲಿ ಕುರ್ಚಿಯ ಮೇಲೆ ಕೂತ ಮೇಲೆಯೇ ಅಧ್ಯಕ್ಷರು. ಆ ಸಭೆಗೆ ಇನ್ನೂ ಬೇಕಾದಷ್ಟು ದಿನವಿತ್ತು. ಗಾರ್ಡ್ ಅದಕ್ಕೆ ಮೊದಲೇ ಬರುವವರಿದ್ದರು.

"ಏನಯ್ಯಾ," ಭಾವ ನನ್ನನ್ನು ಮೆಟ್ಟಿಲ ಹತ್ತಿರ ಹಿಡಿದರು. "ಅಧ್ಯಕ್ಷ ಅಂದ್ಮೇಲೆ ತೀರ್ಮಾನ ತಗೊಳ್ಳೋನು ಅಂತ ತಾನೇ ಲೆಕ್ಕ? ಬಾಗಿಲಿಗೆ ಒಂದು ಬೋರ್ಡು ಹಾಕಿದ್ರೆ ಬೀಗರಿಗೆ ಧೈರ್ಯ ಬರಲ್ವಾ? ಆದ್ರೆ ಈಗಲೇ ಅಧ್ಯಕ್ಷ ಅಂತ ಹಾಕಿದ್ರೆ ಸುಳ್ಳಾಗುತ್ತೆ. ಟಿವಿಲಿ ಯಾವುದೋ ದೇಶದ ಸುದ್ದಿ ಹೇಳುವಾಗ ಪ್ರೆಸಿಡೆಂಟ್-ಎಲೆಕ್ಟ್ ಅಂತಿದ್ರು. ಅದೇನು ವಿಚಾರಿಸೋಣ ಬಾ."

ವಿಚಾರಿಸಲು ನಮ್ಮಲ್ಲಿ ಇದ್ದವರು ಎರಡನೇ ಮಹಡಿಯ ಇಂಗ್ಲಿಷ್ ಮೇಷ್ಟ್ರು. ಪಾಠ ಬಿಟ್ಟು ಬಹಳ ಕಾಲವಾದರೂ ಪಾಠ ಅವರನ್ನು ಬಿಟ್ಟಿರಲಿಲ್ಲ. ಪ್ರಶ್ನೆ ಕೇಳಿದ ಕೂಡಲೆ ಅವರು ಸೋಫಾದಿಂದ ಎದ್ದು ನಿಂತರು.

"ಎಲೆಕ್ಟ್ ಅನ್ನೋದು ಅಂತಿಂಥ ಪದ ಅಲ್ಲ. ಜನ ಓಟು ಹಾಕಿ ಒಬ್ಬನನ್ನ ಆರಿಸಿದ್ರೂ ಎಲೆಕ್ಟೇ. ನೀವು ಬಸ್ಸು ಬಿಟ್ಟು ನಡ್ಕೊಂಡೇ ಹೋಗೋದು ಅಂತ ನಿಮ್ಮಷ್ಟಕ್ಕೆ ನಿರ್ಧಾರ ಮಾಡಿದ್ರೂ ಎಲೆಕ್ಟೇ. ಮುಂದೆ 'ದಿ' ಸೇರಿಸಿದ್ರೆ ದೇವರೇ ಆರಿಸ್ಕೊಂಡ ಕೆಲವೇ ಜನ ಅಂತಾಗುತ್ತೆ. ಆದ್ರೆ ಹುದ್ದೆಯ ಹಿಂದೆ ಒಂದು ಗೀಟು ಎಳೆದು ಅಂಟಿಸಿದ್ರಿ ಅನ್ಕೊಳ್ಳಿ," ಮೇಷ್ಟ್ರು ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದರು, "ಆರಿಸಿ ಬಂದಿದಾನೆ, ಇನ್ನೂ ಕೂತಿಲ್ಲ ಅಂತ."

"ಕೂತಿಲ್ಲ ಅಂದ್ರೆ ನಿಂತಿದಾನಾ?" ಭಾವ ಕೇಳಿದರು.

"ನಿಲ್ಲೋದು ಮುಗಿದಿದೆ. ಕೂರೋದು ಬಾಕಿ. ನಡುವೆ ಇದಾನೆ."

"ಕನ್ನಡದಲ್ಲಿ ಭಾವೀ ಅಧ್ಯಕ್ಷ ಅನ್ನಬಹುದಲ್ವಾ?" ಎಂದು ನಾನು ಕೇಳಿದೆ.

"ಬೇಡ ಬೇಡ," ಭಾವ ಗಾಬರಿಯಾದರು. "ಭಾವೀ ಅಂದ್ರೆ ಆಸೆ ಇಟ್ಕೊಂಡು ಓಡಾಡ್ತಿದಾನೆ ಅಂತಾರೆ."

"ನಿಯೋಜಿತ ಅಂದ್ರೆ ಯಾರೋ ಮೇಲಿನವರು ನೇಮಿಸಿದ ಹಾಗಿರುತ್ತೆ," ಎಂದರು ಮೇಷ್ಟ್ರು. "ಚುನಾಯಿತ ಅಂದ್ರೆ ಕೂತಿದಾನೋ ಇಲ್ವೋ ಗೊತ್ತಾಗಲ್ಲ. ಎಲೆಕ್ಟೇ ಸರಿ. ಆದ್ರೆ ಒಂದು ಮಾತು. ಪದ ಹಾಕ್ಕೊಂಡ ಮೇಲೆ ಅದರ ಅರ್ಥಕ್ಕೆ ತಕ್ಕ ಹಾಗೆ ನಡ್ಕೋಬೇಕು. ಅಧ್ಯಕ್ಷರು ಮಾಡೋ ಕೆಲಸ ಒಂದೇ ಒಂದು ಮಾಡಿದ್ರೂ ನೀವು ಎಲೆಕ್ಟ್ ಅಲ್ಲ. ಒಂದೇ ಒಂದು ತೀರ್ಮಾನವನ್ನೂ ತಗೋಬಾರದು."

ಭಾವನವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಹುದ್ದೆ ಇದೆ, ಬೋರ್ಡು ಇದೆ, ಮರ್ಯಾದೆ ಇದೆ, ತೀರ್ಮಾನ ತೆಗೆದುಕೊಳ್ಳುವುದಕ್ಕೆ ಕಟ್ಟುನಿಟ್ಟಾದ ನಿಷೇಧವೂ ಇದೆ. ಹುಟ್ಟಿದಾಗಿನಿಂದ ಅವರು ಇದೇ ಕೆಲಸ ಹುಡುಕುತ್ತಿದ್ದರು.

ಬೋರ್ಡು ಬಂತು. ನೀಲಿ ಹಿನ್ನೆಲೆ, ಬಿಳಿ ಅಕ್ಷರ. ಅಕ್ಕ ಅದನ್ನು ಓದಿ, "ಹೆಸರಿಗಿಂತ ದೊಡ್ಡದಾಗಿದೆಯಲ್ಲ" ಎಂದಷ್ಟೇ ಹೇಳಿ ಬೇಳೆ ಆರಿಸಲು ಹೋದಳು.

ಆವತ್ತಿನಿಂದ ಕಟ್ಟಡದಲ್ಲಿ ರಾಜ್ಯಭಾರ ನಿಂತುಹೋಯಿತು. ಮೇಲಿನ ಮನೆಯ ಒದ್ದೆ ಬಟ್ಟೆಯ ನೀರು ತನ್ನ ಹಾಸಿಗೆ ಮೇಲೆ ಬೀಳುತ್ತಿದೆ ಎಂದು ಯಾರೋ ದೂರು ತಂದರೆ ಭಾವ ಕೈ ಮುಗಿದು, "ನಾನು ಇನ್ನೂ ಎಲೆಕ್ಟು. ಡಾಕ್ಟರನ್ನ ಕೇಳಿ" ಎನ್ನುವರು. ಡಾಕ್ಟರ ಬಳಿ ಹೋದರೆ ಅವರು ರೋಗಿಯ ಬಾಯೊಳಗಿನಿಂದ ತಲೆ ಎತ್ತದೆಯೇ, "ಎಲೆಕ್ಟ್ ಬಂದ ಮೇಲೆ ನಾನು ಹೊರಡ್ತಿರೋನು. ಹೊರಡ್ತಿರೋನು ಹೊಸದೇನೂ ಮಾಡಬಾರದು, ಅದು ಸಂಪ್ರದಾಯ" ಎನ್ನುವರು. ದೂರು ತಂದವನು ಮೆಟ್ಟಿಲು ಹತ್ತಿ ಇಳಿದು, ಇಳಿದು ಹತ್ತಿ, ಕೊನೆಗೆ ಹಾಸಿಗೆಯನ್ನೇ ಸರಿಸಿಕೊಂಡು ಮಲಗಿದನು.

ಪದ ಮಾತ್ರ ಸುಮ್ಮನೆ ಕೂರಲಿಲ್ಲ. ಮನೆಯಿಂದ ಮನೆಗೆ ಹೊಕ್ಕಿತು. ನಮ್ಮ ಮನೆಯಲ್ಲಿ ನಾನು ಕಾಫಿ ಕೇಳಿ ಎಷ್ಟು ಹೊತ್ತಾದರೂ ಬಾರದಿದ್ದಾಗ ನನ್ನ ಹೆಂಡತಿ ಒಳಗಿನಿಂದ "ಕಾಫಿ-ಎಲೆಕ್ಟ್" ಎಂದಳು. ಬಾಡಿಗೆಗೆ ಮನೆ ನೋಡಿ ಒಪ್ಪಿ ಇನ್ನೂ ಬಾರದವರು ಬಾಡಿಗೆದಾರ-ಎಲೆಕ್ಟ್. ಕಾಯಂ ಆಗಲು ಕಾಯುತ್ತಿದ್ದ ಕಾವಲುಗಾರ ತನ್ನನ್ನು ವಾಚ್‌ಮನ್-ಎಲೆಕ್ಟ್ ಎಂದು ಕರೆದುಕೊಂಡು, ಅದರ ಅರ್ಥಕ್ಕೆ ತಕ್ಕ ಹಾಗೆ ನಿದ್ದೆ ಮಾಡತೊಡಗಿದ. ಮೇಷ್ಟ್ರು ಮಹಡಿಯಿಂದ ಮಹಡಿಗೆ ಓಡಾಡಿ ತಿದ್ದುತ್ತಿದ್ದರು.

"ಕಾಫಿಯನ್ನ ಯಾರು ಆರಿಸಿದ್ರು? ಅದಕ್ಕೆ ಆ ಪದ ಬರಲ್ಲ," ಎಂದು ನನ್ನನ್ನು ಗದರಿದರು.

"ನಾನೇ ಆರಿಸಿದ್ದು ಮೇಷ್ಟ್ರೇ, ಟೀ ಬೇಡ ಕಾಫಿ ಸಾಕು ಅಂದೆ. ಇನ್ನೂ ಬಂದು ಕೂತಿಲ್ಲ."

ಮೇಷ್ಟ್ರು ಕಣ್ಣು ಮುಚ್ಚಿ ಯೋಚಿಸಿ, "ಹಾಗಾದ್ರೆ ಸರಿ ಇದೆ" ಎಂದು ನನ್ನ ಜೊತೆಗೇ ಕಾಯುತ್ತ ಕೂತರು.

ಮೊದಲ ಮಹಡಿಯ ಅಜ್ಜಿಗೆ ಮಾತ್ರ ಮೇಷ್ಟ್ರು ಹೇಳಿದ ಇನ್ನೊಂದು ಅರ್ಥ ಹಿಡಿಸಿತು. ದೇವರೇ ಆರಿಸಿಕೊಂಡವನು ಈ ಕಟ್ಟಡದಲ್ಲೇ ಇದ್ದಾನೆ, ಅದೂ ಕನ್ನಡಕದ ಅಂಗಡಿಗೆ ಹೋಗಿ ಬರುತ್ತಾನೆ ಎಂದು ತಿಳಿದು ಅವರು ದಿನಾ ಸಂಜೆ ಲಿಫ್ಟಿನ ಬಳಿ ಕುರ್ಚಿ ಹಾಕಿಸಿಕೊಂಡು ಕಾದರು. "ಈ ಮೊಣಕಾಲ ಮೇಲೆ ಒಂದು ಸಲ ಕೈ ಇಡಪ್ಪ," ಎಂದರು. ಎಡಗಾಲೋ ಬಲಗಾಲೋ ಎಂದು ಭಾವ ಗೊಂದಲಕ್ಕೆ ಬಿದ್ದು ಎರಡರ ಮೇಲೂ ಇಟ್ಟರು. ಮಾರನೆಯ ದಿನ ಅಜ್ಜಿ ಬಲಗಾಲು ಹಗುರಾಗಿದೆ ಎಂದು ಸಾರಿಬಿಟ್ಟರು. ಆಮೇಲೆ ಭಾವ ಅಂಗಡಿಯಿಂದ ಬರುವಾಗ ಹಿಂದಿನ ಗೇಟಿನಿಂದ ಬರಬೇಕಾಯಿತು.

ಈ ನಡುವೆ ಲಿಫ್ಟು ಕೆಮ್ಮಲು ಶುರುಮಾಡಿತು. ಲಿಫ್ಟು ರಿಪೇರಿಯವನು ತಾನಾಗೇ ಬಂದು, ಮೇಲೆ ಹೋಗಿ ನೋಡಿ, ಕೈ ಒರೆಸಿಕೊಳ್ಳುತ್ತ ಇಳಿದ. "ಒಳಗೆ ಒಂದು ಭಾಗ ಸವೆದಿದೆ. ಬದಲಾಯಿಸ್ಬೇಕು. ಯಾರಾದ್ರೂ ಒಬ್ಬರು ಹೂಂ ಅನ್ನಿ, ಈಗಲೇ ಮಾಡಿ ಹೋಗ್ತೀನಿ."

ಡಾಕ್ಟರು ಭಾವನವರನ್ನು ನೋಡಿದರು. ಭಾವ ಡಾಕ್ಟರನ್ನು ನೋಡಿದರು. "ಹೊಸಬರ ಕೈ ಕಟ್ಟಿ ಹಾಕೋಕೆ ನನಗೆ ಇಷ್ಟ ಇಲ್ಲ," ಎಂದರು ಡಾಕ್ಟರು. "ಹಿರಿಯರು ಇರುವಾಗ ನಾನು ಮುಂದೆ ಬೀಳಲ್ಲ," ಎಂದರು ಭಾವ. "ಇಬ್ಬರೂ ಹೇಳಿದ್ದು ಅರ್ಥಕ್ಕೆ ಸರಿಯಾಗಿದೆ," ಎಂದರು ಮೇಷ್ಟ್ರು. ರಿಪೇರಿಯವನು ಒಬ್ಬೊಬ್ಬರ ಮುಖವನ್ನೂ ನೋಡಿ ಚೀಲ ಹೆಗಲಿಗೇರಿಸಿಕೊಂಡು ಹೋದ.

ಗಾರ್ಡ್ ದಂಪತಿಗಳು ಬಂದದ್ದು ಅದಾದ ಮೇಲಿನ ಭಾನುವಾರ. ಭಾವ ಬೆಳಗ್ಗೆಯೇ ಎದ್ದು ಬಟ್ಟೆ ಹಾಕಿಕೊಳ್ಳಲು ಹೋಗಿ ಎರಡು ಅಂಗಿ ಹಿಡಿದು ನಿಂತಿದ್ದರಂತೆ, ಅಕ್ಕ ಮೂರನೆಯದನ್ನು ತಂದು ತೊಡಿಸಿದಳು. ಮೇಲಿನ ಮಹಡಿಯ ಲಿಫ್ಟಿನ ಮುಂದೆ ನಾನು, ಭಾವ, ಮೇಷ್ಟ್ರು ಸಾಲಾಗಿ ನಿಂತೆವು. ಕೆಳಗೆ ಗಾರ್ಡ್ ಲಿಫ್ಟು ಹತ್ತಿದರು. ಆಗಷ್ಟೇ ಕ್ಲಿನಿಕ್ ಮುಚ್ಚಿದ ಡಾಕ್ಟರೂ ಜೊತೆಗೆ ಹತ್ತಿದರು. ಗಾರ್ಡ್ ಹೆಂಡತಿ ಮಾತ್ರ ಕೆಮ್ಮಿನ ಸದ್ದು ಕೇಳಿ, "ನಾನು ನಡ್ಕೊಂಡೇ ಬರ್ತೀನಪ್ಪ" ಎಂದು ಮೆಟ್ಟಿಲು ಹಿಡಿದರು. ಅವರು ನಾಲ್ಕನೇ ಮಹಡಿಗೆ ಬಂದು, ಅಕ್ಕ ಅವರನ್ನು ಒಳಗೆ ಕರೆದುಕೊಂಡು ಹೋಗಿ, ನೀರೂ ಕೊಟ್ಟಾಯಿತು. ಲಿಫ್ಟು ಬರಲಿಲ್ಲ.

ಬಂದಿತ್ತು, ಆದರೆ ಪೂರ್ತಿ ಬಂದಿರಲಿಲ್ಲ. ಮೂರಕ್ಕೂ ನಾಲ್ಕಕ್ಕೂ ನಡುವೆ ಒಂದು ದೊಡ್ಡ ಕೆಮ್ಮು ಕೆಮ್ಮಿ ನಿಂತಿತ್ತು. ನಮ್ಮ ಮಹಡಿಯ ಕಂಬಿ ಬಾಗಿಲಿನ ಹಿಂದೆ, ನೆಲದ ಮಟ್ಟದಲ್ಲಿ ಎರಡು ತಲೆ ಕಾಣಿಸಿದವು. ಒಂದು ಡಾಕ್ಟರದು. ಇನ್ನೊಂದು, ಎಣ್ಣೆ ಹಚ್ಚಿ ನೀಟಾಗಿ ಬಾಚಿದ್ದು, ಬೀಗರದು. ಅವರ ಕಣ್ಣು ಭಾವನವರ ಚಪ್ಪಲಿಯ ನೇರಕ್ಕಿತ್ತು.

ಬೀಗರನ್ನು ಕಾಲ ಬಳಿ ಇಟ್ಟುಕೊಂಡು ನಿಂತು ಮಾತಾಡುವುದು ಹೇಗೆ? ಭಾವ ಮೊದಲು ಬಗ್ಗಿದರು, ಸಾಲಲಿಲ್ಲ. ಮಂಡಿಯೂರಿದರು, ಆಗಲೂ ಸಾಲಲಿಲ್ಲ. ಕೊನೆಗೆ ಇಸ್ತ್ರಿ ಮಾಡಿದ ಅಂಗಿಯಲ್ಲೇ ನೆಲದ ಮೇಲೆ ಉದ್ದಕ್ಕೆ ಬೋರಲು ಮಲಗಿ, ಗಲ್ಲ ನೆಲಕ್ಕೆ ಊರಿ, "ಬನ್ನಿ ಬನ್ನಿ, ದಾರಿಯಲ್ಲಿ ಏನೂ ತೊಂದರೆ ಆಗ್ಲಿಲ್ವಲ್ಲ?" ಎಂದರು.

"ದಾರಿಯಲ್ಲೇ ಇದೀನಿ," ಎಂದಿತು ಬೀಗರ ತಲೆ.

ಬೋರ್ಡು ನೋಡಲು ಅವರಿಗೆ ಅಲ್ಲಿಂದ ಅನುಕೂಲವಾಗಿತ್ತು. ಕತ್ತೆತ್ತಿ ಅಕ್ಷರ ಅಕ್ಷರ ಓದಿದರು. "ನೀವು ಇಲ್ಲಿ ಅಧ್ಯಕ್ಷರಾ? ಒಳ್ಳೇದಾಯ್ತು. ಹಾಗಾದ್ರೆ ಲಿಫ್ಟಿನವನನ್ನ ಕರೆಸಿ."

ಮೇಷ್ಟ್ರು ಭಾವನವರ ಪಕ್ಕಕ್ಕೆ ಮಲಗಿ ಕಿವಿಯಲ್ಲಿ, ಆದರೆ ನಮಗೆಲ್ಲ ಕೇಳುವ ಹಾಗೆ ಹೇಳಿದರು. "ಲಿಫ್ಟಿನವನನ್ನ ಕರೆಸೋದು ಅಧ್ಯಕ್ಷರ ಕೆಲಸ. ನೀವು ಮಾಡಿದ್ರೆ ಎಲೆಕ್ಟ್ ಅಳಿಸ್ಬೇಕಾಗುತ್ತೆ."

"ಡಾಕ್ಟರು ಕರೆಸಬಹುದಲ್ಲ?" ಎಂದೆ ನಾನು.

ಡಾಕ್ಟರ ಮುಖ ಬಿಳಿಚಿಕೊಂಡಿತ್ತು. ಅವರಿಗೆ ಮುಚ್ಚಿದ ಜಾಗವೆಂದರೆ ಭಯ ಎಂಬುದು ಅಂದೇ ನಮಗೆ ಗೊತ್ತಾದದ್ದು. ಡಾಕ್ಟರು ಎರಡೂ ಕೈಯಲ್ಲಿ ಗಾರ್ಡ್ ತೋಳನ್ನು ಅಪ್ಪಿಕೊಂಡಿದ್ದರು. ಆದರೂ ನಿಯಮ ಬರೆದ ಕೈ ಅದು. "ನಾನು ಹೊರಡ್ತಿರೋನು," ಎಂದರು ತೊದಲುತ್ತ.

"ಎಲ್ಲಿಗೆ ಹೊರಡ್ತೀರಿ?" ಗಾರ್ಡ್ ಕೇಳಿದರು. "ನನ್ನ ತೋಳು ಬಿಡಿ ಮೊದಲು."

ಮೇಷ್ಟ್ರು ಪರಿಹಾರ ಕಂಡುಹಿಡಿದರು. ಸಂಘದ ಜನರನ್ನೆಲ್ಲ ಮೆಟ್ಟಿಲ ಮೇಲೆ ಸೇರಿಸಿ, ಇದನ್ನೇ ವಾರ್ಷಿಕ ಸಭೆ ಎಂದು ಘೋಷಿಸಿ, ಡಾಕ್ಟರಿಂದ ಅಧಿಕಾರ ಪಡೆದು, ಭಾವನವರನ್ನು ಕುರ್ಚಿಯ ಮೇಲೆ ಕೂರಿಸಿದರೆ ಎಲೆಕ್ಟ್ ತಾನಾಗಿಯೇ ಉದುರಿ ಬರೀ ಪ್ರೆಸಿಡೆಂಟ್ ಉಳಿಯುತ್ತಾರೆ. ಆಗ ಲಿಫ್ಟಿನವನನ್ನು ಕರೆಸಬಹುದು. ಇದು ಎಲ್ಲರಿಗೂ ಬಹಳ ಬುದ್ಧಿವಂತಿಕೆಯ ಮಾತಾಗಿ ಕಂಡಿತು. ಬಾಗಿಲು ಬಾಗಿಲು ಬಡಿದು ಜನರನ್ನು ಕರೆತಂದರು. ಮೆಟ್ಟಿಲು ತುಂಬಿತು. ಅಜ್ಜಿ ಹಗುರಾದ ಬಲಗಾಲು ಮುಂದಿಟ್ಟು ಮೊದಲ ಮಹಡಿಯಿಂದ ಹತ್ತಿ ಬಂದರು. ನಾನು ಅಕ್ಕನ ಅಡುಗೆಮನೆಯಿಂದ ಒಂದು ಕುರ್ಚಿ ತರಲು ಹೋದೆ. ಅಲ್ಲಿ ಅಕ್ಕ ಮತ್ತು ಗಾರ್ಡ್ ಹೆಂಡತಿ ತಲೆಗೆ ತಲೆ ತಾಗಿಸಿ ಏನೋ ಮಾತಾಡುತ್ತಿದ್ದರು. "ಹೊರಗೇನೋ ಗಲಾಟೆ?" ಎಂದಳು ಅಕ್ಕ. "ಸಭೆ," ಎಂದೆ. "ಸರಿ, ಅದರ ಕಾಲು ಅಲ್ಲಾಡುತ್ತೆ, ಇನ್ನೊಂದು ಕುರ್ಚಿ ತಗೊಂಡು ಹೋಗು," ಎಂದು ಮತ್ತೆ ಮಾತಿಗೆ ತಿರುಗಿದಳು.

ಕುರ್ಚಿ ಬಂತು. ಈಗ ಸಂಘದ ಮೊಹರು ಕೈ ಬದಲಾಗಬೇಕು ಎಂದರು ಮೇಷ್ಟ್ರು. ಮೊಹರು ಡಾಕ್ಟರ ಜೇಬಿನಲ್ಲಿ, ಡಾಕ್ಟರ ಕೈ ಗಾರ್ಡ್ ತೋಳಿನಲ್ಲಿ. ತೋಳು ಬಿಡಲು ಡಾಕ್ಟರು ಒಪ್ಪಲಿಲ್ಲ. ಕೊನೆಗೆ ಗಾರ್ಡೇ ಅವರ ಜೇಬಿಗೆ ಕೈ ಹಾಕಿ ಮೊಹರು ತೆಗೆದು ಕಂಬಿಯ ಸಂದಿನಲ್ಲಿ ಚಾಚಿದರು.

"ಊರ್ಜಿತ ಆಗಲ್ಲ," ಎಂದರು ಮೇಷ್ಟ್ರು. "ಹೊರಗಿನವರು ಕೊಡೋ ಹಾಗಿಲ್ಲ."

"ಸ್ವಾಮಿ, ನಾನು ಒಳಗಿದೀನಿ," ಎಂದರು ಗಾರ್ಡ್.

"ಸಂಘದ ಹೊರಗಿನವರು ಅಂದೆ."

ಮೆಟ್ಟಿಲ ಮೇಲೆ ವಾದ ಎದ್ದಿತು. ಲಿಫ್ಟು ನಮ್ಮದಾದ್ದರಿಂದ ಅದರೊಳಗೆ ಇರುವವರನ್ನು ತಾತ್ಕಾಲಿಕ ನಿವಾಸಿ ಎನ್ನಬಹುದು ಎಂದು ಒಬ್ಬರು. ಹಾಗಾದರೆ ಅವರಿಗೂ ಒದ್ದೆ ಬಟ್ಟೆಯ ನಿಯಮ ಅನ್ವಯಿಸುತ್ತದೆಯೇ ಎಂದು ಇನ್ನೊಬ್ಬರು. ಹಾಸಿಗೆ ಸರಿಸಿಕೊಂಡು ಮಲಗುತ್ತಿದ್ದವನು ಇದೇ ಸಮಯವೆಂದು ತನ್ನ ದೂರನ್ನು ಮೊದಲಿನಿಂದ ಹೇಳತೊಡಗಿದ. ಬೀಗರನ್ನು ನಿವಾಸಿ-ಎಲೆಕ್ಟ್ ಎಂದು ಬರೆದುಕೊಂಡರೆ ಹೇಗೆ ಎಂದು ಕಾವಲುಗಾರ ಕೇಳಿದ. ಮೇಷ್ಟ್ರು ಮೆಚ್ಚಿ ಅವನ ಬೆನ್ನು ತಟ್ಟಿದರು.

ಈ ಗದ್ದಲದಲ್ಲಿ ನಾನು ಭಾವನವರನ್ನು ನೋಡಿದೆ. ಅವರು ಇನ್ನೂ ನೆಲದ ಮೇಲೆ ಹಾಗೇ ಮಲಗಿದ್ದರು. ಬೀಗರ ತಲೆಗೂ ಅವರ ತಲೆಗೂ ಗೇಣು ಅಂತರ, ನಡುವೆ ಕಂಬಿ. ಗಾರ್ಡ್ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಒಳಗಿನ ಫ್ಯಾನು ನಿಂತಿತ್ತು. ಸೀಟಿಯಂಥ ಆ ದನಿ ಈಗ ಸಣ್ಣದಾಗಿತ್ತು. "ಗಾಳಿ ಕಮ್ಮಿ ಆಗ್ತಿದೆ, ಸ್ವಾಮಿ," ಎಂದರು ಅವರು, ಇತರರಿಗೆ ಕೇಳದ ಹಾಗೆ.

ಭಾವ ಎದ್ದು ನಿಂತರು. ಅಂಗಿಯ ಮುಂಭಾಗವೆಲ್ಲ ಧೂಳು. ಯಾರನ್ನೂ ಕೇಳಲಿಲ್ಲ. ಜೇಬಿನಿಂದ ಫೋನು ತೆಗೆದು ಲಿಫ್ಟಿನವನ ನಂಬರು ಒತ್ತಿದರು.

"ಹೂಂ," ಎಂದರು ಫೋನಿಗೆ. "ಹೂಂ ಅಂದೆ. ಬಾ. ಜನ ಸಿಕ್ಕಿಹಾಕ್ಕೊಂಡಿದಾರೆ, ಓಡಿ ಬಾ."

ಆ ಕಡೆಯಿಂದ ಯಾರು ಮಾತಾಡುವುದು ಎಂದು ಕೇಳಿರಬೇಕು. ಮೇಷ್ಟ್ರು ಬೆರಳೆತ್ತಿ, "ಯಾವ ಅಧಿಕಾರದಲ್ಲಿ ಅಂತ ಹೇಳ್ತೀರಿ? ಯೋಚಿಸಿ ಹೇಳಿ" ಎಂದರು.

"ನಾನು ಯಾರೂ ಅಲ್ಲಪ್ಪ," ಎಂದರು ಭಾವ. "ಸುಮ್ನೆ ಬಾ."

ಸಭೆ ಹೇಗೆ ಮುಕ್ತಾಯವಾಗಬೇಕೆಂದು ಯಾರಿಗೂ ತಿಳಿಯಲಿಲ್ಲ. ಭಾವ ಮತ್ತೆ ನೆಲದ ಮೇಲೆ ಮಲಗಿ, ರಟ್ಟಿನ ಚೂರೊಂದನ್ನು ಹಿಡಿದು 'ಗಾಳಿ ಬರ್ತಿದೆಯಾ' ಎನ್ನುತ್ತ ಕಂಬಿಯ ಸಂದಿನಲ್ಲಿ ಬೀಗರಿಗೆ ಗಾಳಿ ಹಾಕತೊಡಗಿದರು. ಲಿಫ್ಟಿನವನು ಪಕ್ಕದ ರಸ್ತೆಯಲ್ಲೇ ಇದ್ದನಂತೆ. ಬಂದ, ತಾರಸಿಯ ಮೇಲಿನ ಕೋಣೆಗೆ ಹೋಗಿ ಕೈಯಿಂದ ಚಕ್ರ ತಿರುಗಿಸಿದ. ಎರಡು ತಲೆಗಳು ನಿಧಾನವಾಗಿ ಮೇಲೇರಿದವು. ಹೆಗಲು ಬಂತು, ಹೊಟ್ಟೆ ಬಂತು, ಕಾಲು ಬಂತು. ಮಲಗಿದ್ದ ಭಾವ ಬೀಗರ ಮುಖವನ್ನೇ ನೋಡುತ್ತ ಅವರ ಜೊತೆಜೊತೆಗೇ ಎದ್ದು ನಿಂತರು.

ಬಾಗಿಲು ತೆರೆದದ್ದೇ ಡಾಕ್ಟರು ಯಾರಿಗೂ ಹೇಳದೆ ಓಡಿ ತಮ್ಮ ಮನೆ ಸೇರಿದರು. ಗಾರ್ಡ್ ಹೊರಗೆ ಬಂದು, ಅಧಿಕಾರ ಸ್ವೀಕಾರಕ್ಕೆಂದು ಇಟ್ಟಿದ್ದ ಕುರ್ಚಿಯ ಮೇಲೆ ದೊಪ್ಪನೆ ಕೂತರು. ಮೇಷ್ಟ್ರು ಬಾಯಿ ಬಿಟ್ಟು ನೋಡಿದರು. ಗಾರ್ಡ್ ಕೈಯಲ್ಲಿ ಮೊಹರು ಬೇರೆ ಇತ್ತು. ಪದದ ಅರ್ಥದ ಪ್ರಕಾರ ಈಗ ನಮ್ಮ ಅಧ್ಯಕ್ಷರು ಯಾರು ಎಂದು ಲೆಕ್ಕ ಹಾಕಿ ಮೇಷ್ಟ್ರು ಮೆಟ್ಟಿಲ ಮೇಲೆ ಕುಸಿದರು.

ಗಾರ್ಡ್ ನೀರು ಕುಡಿದು, ಮುಖ ಒರೆಸಿಕೊಂಡು, ಭಾವನವರನ್ನು ದಿಟ್ಟಿಸಿದರು. "ಇಷ್ಟು ಜನ ಸೇರಿ ಒಬ್ಬನನ್ನ ಕರೆಯೋಕೆ ಆಗ್ಲಿಲ್ಲ. ಇಂಥ ಕಟ್ಟಡ ನಾನು ನೋಡಿಲ್ಲ."

"ತಪ್ಪಾಯ್ತು," ಎಂದರು ಭಾವ. "ಬೋರ್ಡು ನಿಮ್ಮನ್ನ ಮೆಚ್ಚಿಸೋಕೆ ಹಾಕಿದ್ದು. ನನಗೆ ಏನೂ ಆರಿಸೋಕೆ ಬರಲ್ಲ. ಈ ಅಂಗಿನೂ ನಾನು ಆರಿಸಿದ್ದಲ್ಲ."

"ಅದೆಲ್ಲ ನಾನು ಕೇಳಿಲ್ಲ. ಹೋದ ಸಲ ಕೇಳಿದ್ದನ್ನೇ ಕೇಳ್ತೀನಿ. ಮದುವೆ ಮುಂದಿನ ತಿಂಗಳಾ, ಅದರ ಮುಂದಿನ ತಿಂಗಳಾ?"

ಬಾಗಿಲಿನ ಹಿಂದೆ ಪುಟ್ಟಿ ಬಂದು ನಿಂತಿದ್ದಳು. ನನಗೆ ಗೊತ್ತಿತ್ತು, ಭಾವನವರ ನಾಲಿಗೆಯ ತುದಿಯಲ್ಲಿ 'ನೋಡೋಣ' ಬಂದು ಕೂತಿದೆ ಎಂದು. ಅವರ ತುಟಿ ಅದಕ್ಕೆ ತಕ್ಕ ಹಾಗೆ ಒಂದು ಸಲ ಅಲ್ಲಾಡಿತು ಕೂಡ. ಆಮೇಲೆ ಅವರು ಅದನ್ನು ನುಂಗಿದರು.

"ಮುಂದಿನ ತಿಂಗಳು," ಎಂದರು.

ಗಾರ್ಡ್ ಎದ್ದು ಅವರನ್ನು ತಬ್ಬಿಕೊಂಡರು. "ಇದು ಮಾತು. ಆಯ್ತು, ಮುಂದಿನ ತಿಂಗಳು. ನನ್ನ ಒಪ್ಪಿಗೆ ಇದೆ. ಇವಳೊಬ್ಬಳನ್ನ ಕೇಳಿಬಿಟ್ರೆ ಮುಗೀತು," ಎಂದು ಹೆಂಡತಿಗಾಗಿ ಸುತ್ತ ನೋಡಿದರು.

ಆಗ ಅಕ್ಕ ಮತ್ತು ಗಾರ್ಡ್ ಹೆಂಡತಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. "ಏನ್ರೀ, ನಿಮ್ಮ ಸಭೆ ಮುಗೀತಾ?" ಎಂದಳು ಅಕ್ಕ. "ನಾವು ಮಾತಾಡಿ ಎಲ್ಲ ಗೊತ್ತು ಮಾಡಿ ಆಗ್ಲೇ ಆಯ್ತು. ಮುಂದಿನ ತಿಂಗಳು ಬೇಡ, ಅದರ ಮುಂದಿನ ತಿಂಗಳು ಅಂತ. ಛತ್ರಕ್ಕೂ ಫೋನ್ ಮಾಡಿ ಕೇಳಿದ್ವಿ, ಖಾಲಿ ಇದೆ."

ಅಷ್ಟು ಹೊತ್ತು ಎದೆಯುಬ್ಬಿಸಿ ನಿಂತಿದ್ದ ಗಾರ್ಡ್, ಹೆಂಡತಿಯ ಮುಖ ನೋಡಿ, "ಹಾಗಾದ್ರೆ ಅದೇ ಆಗಲಿ ಬಿಡಿ, ಅದೂ ಚೆನ್ನಾಗಿದೆ" ಎಂದರು. ಭಾವನವರ ಹೆಗಲು ಸ್ವಲ್ಪ ಇಳಿಯಿತು. ಅವರು ಅಭ್ಯಾಸದ ಹಾಗೆ ತಲೆಯಾಡಿಸಲು ಹೊರಟಿದ್ದರು.

"ಇಲ್ಲಮ್ಮ," ಎಂದಳು ಪುಟ್ಟಿ. ಬಾಗಿಲು ಬಿಟ್ಟು ಮುಂದೆ ಬಂದು ಅಪ್ಪನ ಪಕ್ಕ ನಿಂತು, ಅವರ ಅಂಗಿಯ ಧೂಳು ಕೊಡವಿದಳು. "ಛತ್ರಕ್ಕೆ ಇನ್ನೊಂದು ಸಲ ಫೋನ್ ಮಾಡಿ. ಮುಂದಿನ ತಿಂಗಳು ಖಾಲಿ ಇಲ್ಲದಿದ್ರೆ ಈ ಮೆಟ್ಟಿಲ ಮೇಲೇ ಮದುವೆ ಮಾಡ್ಕೋತೀನಿ. ಅಪ್ಪ ಹೇಳಿದ ತಿಂಗಳೇ ಆಗಬೇಕು."

ಇಬ್ಬರು ತಾಯಂದಿರೂ ಮುಖ ಮುಖ ನೋಡಿಕೊಂಡರು. ಅಕ್ಕ ಗಂಡನ ಕಡೆ ತಿರುಗಿ, ಅಷ್ಟು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ, "ನೀವೇ ಹೇಳಿದ್ದಾ?" ಎಂದು ಕೇಳಿದಳು. ಭಾವ ಹೂಂ ಎಂದರು. ಅಕ್ಕ ಫೋನು ತರಲು ಒಳಗೆ ಹೋದಳು.

ಪುಟ್ಟಿ ಅಪ್ಪನ ಕೈ ಹಿಡಿದುಕೊಂಡಿದ್ದಳು. ಮೆಟ್ಟಿಲ ಮೇಲಿನ ಸಭೆಯೆಲ್ಲ ಅವರನ್ನೇ ನೋಡುತ್ತಿತ್ತು. ಭಾವ ಒಮ್ಮೆ ಮಗಳನ್ನು, ಒಮ್ಮೆ ಬೀಗರನ್ನು ನೋಡಿದರು. ನಗಬೇಕೋ ಅಳಬೇಕೋ ಎಂದು ತೀರ್ಮಾನವಾಗದೆ ಎರಡನ್ನೂ ಒಟ್ಟಿಗೇ ಮಾಡಿಬಿಟ್ಟರು.